ಹೈಪರ್‌ಕಾಲ್ ರವಾನೆ

ಒಂದೇ ಕಂಪ್ಯೂಟರಿನೊಳಗೆ ಹಲವು ಅತಿಥಿ ಯಂತ್ರಗಳನ್ನು ಓಡಿಸುವ ತಂತ್ರಾಂಶ ಹೈಪರ್‌ವೈಸರ್. ಅತಿಥಿ ಯಂತ್ರ ಅದಕ್ಕೆ ಸಲ್ಲಿಸುವ ಕೋರಿಕೆಯೇ ಹೈಪರ್‌ಕಾಲ್. ಹೈಪರ್‌ವೈಸರ್ ಆ ಕೋರಿಕೆಯನ್ನು ಕರ್ನಲ್‌ನೊಳಗೆ ತಾನೇ ಪೂರೈಸದೆ, ಸಾಮಾನ್ಯ ಪ್ರೋಗ್ರಾಮಿನ ಅಧಿಕಾರದಲ್ಲಿ ಓಡುವ ಯೂಸರ್‌ಸ್ಪೇಸ್ ತಂತ್ರಾಂಶಕ್ಕೆ ದಾಟಿಸಿ, ಅಲ್ಲಿಂದ ಬಂದ ಉತ್ತರವನ್ನು ಅತಿಥಿಗೆ ಮರಳಿಸಿದರೆ ಅದು ಹೈಪರ್‌ಕಾಲ್ ರವಾನೆ. ಲಿನಕ್ಸ್‌ನ ಕೆವಿಎಂ ಹೈಪರ್‌ವೈಸರ್ ಮತ್ತು ಅದರ ಮೇಲೆ ಕೂರುವ ಕ್ಯೂಎಮು, ಕೆವಿಎಂಟೂಲ್‌ನಂಥ ಪ್ರೋಗ್ರಾಮುಗಳಲ್ಲಿ ಈ ವ್ಯವಸ್ಥೆ ಹೆಚ್ಚು ಬೆಳೆದಿದೆ. ಪವರ್ ಪ್ರೊಸೆಸರುಗಳ ಅತಿಥಿಗಳಿಗೂ ರಿಸ್ಕ್-ಫೈವ್ ಅತಿಥಿಗಳಿಗೂ ಇದನ್ನು ಕಟ್ಟಿದವರಲ್ಲಿ ಬೆಂಗಳೂರಿನ ಎಂಜಿನಿಯರುಗಳಿದ್ದಾರೆ.

ಕರೆಯನ್ನು ಮೇಲಕ್ಕೆ ಕಳಿಸುವುದು ಕೆಲವೇ ಸಾಲುಗಳ ಕೆಲಸ. ಯಾವ ಕರೆ ಮೇಲೆ ಹೋಗಬೇಕು, ಅದನ್ನು ತೀರ್ಮಾನಿಸುವವರು ಯಾರು, ಆ ಕರೆಯ ಹೆಸರನ್ನೇ ಕೇಳಿರದ ಹಳೆಯ ಪ್ರೋಗ್ರಾಂ ಮೇಲೆ ಕೂತಿದ್ದರೆ ಏನಾಗಬೇಕು ಎಂಬ ಕರಾರುಗಳೇ ಈ ವಿಷಯದ ತಿರುಳು. ಇದರ ಚರಿತ್ರೆಯ ಬಹುಪಾಲು ಆ ಕರಾರುಗಳದ್ದೇ.

ಕರೆಯ ಹಾದಿ

ಅತಿಥಿಯ ಕರ್ನಲ್ ಒಂದು ವಿಶೇಷ ಆದೇಶವನ್ನು ಚಲಾಯಿಸುತ್ತದೆ. ಇಂಟೆಲ್ ಪ್ರೊಸೆಸರಿನಲ್ಲಿ ಅದು ವಿಎಂಕಾಲ್, ಎಎಂಡಿಯಲ್ಲಿ ವಿಎಂಎಂಕಾಲ್, ಆರ್ಮ್‌ನಲ್ಲಿ ಎಚ್‌ವಿಸಿ, ಪವರ್‌ನಲ್ಲಿ ಒಂದನೇ ಹಂತದ ಎಸ್‌ಸಿ, ರಿಸ್ಕ್-ಫೈವ್‌ನಲ್ಲಿ ಇಕಾಲ್. ಯಾವ ಸೇವೆ ಬೇಕೆಂಬ ಸಂಖ್ಯೆ ಒಂದು ರಿಜಿಸ್ಟರಿನಲ್ಲಿರುತ್ತದೆ, ಅದರ ವಿವರಗಳು ಉಳಿದ ಕೆಲವು ರಿಜಿಸ್ಟರುಗಳಲ್ಲಿ. ಆದೇಶ ಚಲಾವಣೆಗೆ ಬಂದ ಕೂಡಲೇ ಪ್ರೊಸೆಸರ್ ಅತಿಥಿಯನ್ನು ನಿಲ್ಲಿಸಿ ಹೈಪರ್‌ವೈಸರಿನೊಳಗೆ ಜಿಗಿಯುತ್ತದೆ.

ಹೆಚ್ಚಿನ ಕರೆಗಳು ಇಲ್ಲಿಗೇ ಮುಗಿಯುತ್ತವೆ. ಹೈಪರ್‌ವೈಸರ್ ಸಂಖ್ಯೆಯನ್ನು ನೋಡಿ ಕೆಲಸ ಮಾಡಿ, ಉತ್ತರವನ್ನು ರಿಜಿಸ್ಟರಿನಲ್ಲಿಟ್ಟು ಅತಿಥಿಯನ್ನು ಮತ್ತೆ ಓಡಿಸುತ್ತದೆ. ರವಾನೆಯಾಗುವ ಕರೆಗೆ ಇನ್ನೊಂದು ಮಜಲಿದೆ. ಕೆವಿಎಂನಲ್ಲಿ ಪ್ರತಿಯೊಂದು ಅತಿಥಿ ಸಿಪಿಯುವಿಗೂ ಯೂಸರ್‌ಸ್ಪೇಸಿನ ಒಂದು ಥ್ರೆಡ್ ಇರುತ್ತದೆ. ಅದು 'ಕೆವಿಎಂ ರನ್' ಎಂಬ ಐಆಕ್ಟಲ್ (ಕರ್ನಲ್‌ಗೆ ಸಲ್ಲಿಸುವ ಆಜ್ಞೆ) ಕರೆ ಮಾಡಿ ಕರ್ನಲ್‌ನೊಳಗೆ ಕೂತಿರುತ್ತದೆ. ಕರ್ನಲ್ ಮತ್ತು ಯೂಸರ್‌ಸ್ಪೇಸ್ ಎರಡಕ್ಕೂ ಕಾಣುವ ಒಂದು ಹಂಚಿಕೆಯ ಪುಟದಲ್ಲಿ ಹೈಪರ್‌ವೈಸರ್ ಕರೆಯ ಸಂಖ್ಯೆಯನ್ನೂ ವಿವರಗಳನ್ನೂ ಬರೆದು, ನಿರ್ಗಮನದ ಕಾರಣವನ್ನು ನಮೂದಿಸಿ, ಆ ಐಆಕ್ಟಲ್‌ನಿಂದ ಹೊರಬರುತ್ತದೆ. ಯೂಸರ್‌ಸ್ಪೇಸ್ ಪುಟವನ್ನು ಓದಿ, ಕೆಲಸ ಮಾಡಿ, ಉತ್ತರವನ್ನು ಅದೇ ಪುಟದಲ್ಲಿಟ್ಟು 'ಕೆವಿಎಂ ರನ್' ಅನ್ನು ಮತ್ತೆ ಕರೆಯುತ್ತದೆ. ಕರ್ನಲ್ ಆ ಉತ್ತರವನ್ನು ಅತಿಥಿಯ ರಿಜಿಸ್ಟರಿಗೆ ನಕಲಿಸಿ, ಅಗತ್ಯವಿರುವ ಪ್ರೊಸೆಸರುಗಳಲ್ಲಿ ಕರೆ ಮಾಡಿದ ಆದೇಶವನ್ನು ದಾಟಿಸಿ ಮುಂದಿನ ಆದೇಶಕ್ಕೆ ಅತಿಥಿಯನ್ನು ಹಚ್ಚುತ್ತದೆ. ಈ ದಾಟಿಸುವ ಹೆಜ್ಜೆ ಚಿಕ್ಕದು, ಆದರೆ ತಪ್ಪುವಂತಿಲ್ಲ. ಬಿಟ್ಟುಹೋದರೆ ಅತಿಥಿ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತ ನಿಂತಲ್ಲೇ ನಿಲ್ಲುತ್ತದೆ. ಎರಡು ಸಲ ನಡೆದರೆ ಅತಿಥಿಯ ಒಂದು ಆದೇಶವೇ ಮಾಯವಾಗುತ್ತದೆ. ರಿಸ್ಕ್-ಫೈವ್ ಕೆವಿಎಂ ಈ ಕೆಲಸ ಒಮ್ಮೆ ಮಾತ್ರ ನಡೆಯಲೆಂದೇ ಉತ್ತರ ಮರಳಿಸಿಯಾಯಿತೆಂಬ ಗುರುತೊಂದನ್ನು ಇಟ್ಟುಕೊಳ್ಳುತ್ತದೆ.

ಕರೆಯನ್ನು ಇಷ್ಟು ದೂರ ಕಳಿಸುವುದೇಕೆ ಎಂಬುದಕ್ಕೆ ಹಳೆಯ ದೂರವಾಣಿಯ ಹೋಲಿಕೆ ಇದೆ. ಬೆಂಗಳೂರಿನ ಕೃಷ್ಣರಾಜಪುರದ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ತಯಾರಿಸುತ್ತಿತ್ತು. ಊರೊಳಗಿನ ಕರೆಯನ್ನು ಅಂಥ ಎಕ್ಸ್‌ಚೇಂಜ್ ತಾನೇ ಜೋಡಿಸುತ್ತಿತ್ತು. ಪರಊರಿನ ಟ್ರಂಕ್ ಕರೆಗೆ ಆಪರೇಟರ್ ಬೇಕಾಗಿತ್ತು, ಯಾವ ಲೈನ್ ಖಾಲಿ, ಯಾರ ಸರದಿ ಮೊದಲು ಎಂಬುದು ಗೊತ್ತಿದ್ದದ್ದು ಆಪರೇಟರಿಗೆ ಮಾತ್ರ. ಹೈಪರ್‌ಕಾಲ್ ರವಾನೆಯಲ್ಲೂ ಮುಖ್ಯ ಕಾರಣ ತಿಳಿವಳಿಕೆ ಎಲ್ಲಿದೆ ಎಂಬುದು. ಅತಿಥಿಯ ಕನ್ಸೋಲ್ ಅಕ್ಷರಗಳು ಫೈಲಿಗೆ ಹೋಗಬೇಕೋ ಟೆಲ್ನೆಟ್ ಸಂಪರ್ಕಕ್ಕೋ, ಯಂತ್ರ ಆರಿದ ಮೇಲೆ ಮತ್ತೆ ಏಳಬೇಕೋ ಬೇಡವೋ, ಯಾವ ನೆನಪಿನ ಪುಟಕ್ಕೆ ಹಿಂದೆ ಯಾವ ಆಧಾರವಿದೆ ಎಂಬುದೆಲ್ಲ ಯೂಸರ್‌ಸ್ಪೇಸಿಗೆ ಗೊತ್ತು, ಕರ್ನಲ್‌ಗೆ ಗೊತ್ತಿಲ್ಲ. ಭದ್ರತೆಯ ಕಾರಣವೂ ಇದೆ. ಅತಿಥಿ ಕಳಿಸಿದ ವಿವರಗಳನ್ನು ಅರ್ಥಮಾಡಿಕೊಳ್ಳುವ ಕೋಡಿನಲ್ಲಿ ದೋಷವಿದ್ದರೆ, ಕರ್ನಲ್‌ನೊಳಗೆ ಅದು ಇಡೀ ಯಂತ್ರಕ್ಕೆ ಅಪಾಯ. ಯೂಸರ್‌ಸ್ಪೇಸಿನಲ್ಲಾದರೆ ಬಹಳ ಮಟ್ಟಿಗೆ ಆ ಒಂದು ಪ್ರಕ್ರಿಯೆಗೆ ಸೀಮಿತ. ಎದುರಿಗೆ ವೇಗದ ಲೆಕ್ಕ. ಕರ್ನಲ್‌ನೊಳಗೇ ಮುಗಿಯುವ ನಿರ್ಗಮನಕ್ಕಿಂತ ಯೂಸರ್‌ಸ್ಪೇಸಿನವರೆಗೆ ಹೋಗಿಬರುವ ನಿರ್ಗಮನ ಹಲವು ಪಟ್ಟು ದುಬಾರಿ. ಕ್ಷಣಕ್ಷಣಕ್ಕೂ ನಡೆಯುವ ಕರೆಗಳನ್ನು ಮೇಲೆ ಕಳಿಸಿದರೆ ಅತಿಥಿ ತೆವಳುತ್ತದೆ.

ಕೈಬಿಟ್ಟದ್ದು, ಮರಳಿ ಬಂದದ್ದು

ಅತಿಥಿಯೇ ಬಾಯಿಬಿಟ್ಟು ಹೈಪರ್‌ವೈಸರಿಗೆ ಕೇಳುವ ಪದ್ಧತಿ ಐಬಿಎಂನ ಮೇನ್‌ಫ್ರೇಮುಗಳಷ್ಟು ಹಳೆಯದು. 1960ರ ದಶಕದ ಸಿಪಿ-67ರಲ್ಲೂ 1972ರಲ್ಲಿ ಪ್ರಕಟವಾದ ವಿಎಂ/370ರಲ್ಲೂ ಡಯಾಗ್ನೋಸ್ ಎಂಬ ಯಂತ್ರಾದೇಶವನ್ನೇ ಈ ಕೆಲಸಕ್ಕೆ ಹಚ್ಚಿದ್ದರು. ಲಿನಕ್ಸ್ ಲೋಕದಲ್ಲಿ ಹೈಪರ್‌ಕಾಲ್‌ಗಳನ್ನು ಹೆಚ್ಚು ಬಳಕೆಗೆ ತಂದದ್ದು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2003ರಲ್ಲಿ ಹೆಸರಾದ ಝೆನ್. ಅವಿ ಕಿವಿಟಿ ಬರೆದ ಕೆವಿಎಂ 2006ರಲ್ಲಿ ಬೆಳಕಿಗೆ ಬಂದು, 2007ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 2.6.20ರಲ್ಲಿ ಸೇರಿತು.

ಆ ಮೊದಲ ದಿನಗಳ ಕೆವಿಎಂನಲ್ಲಿ, ಕರ್ನಲ್ ಗುರುತಿಸದ ಹೈಪರ್‌ಕಾಲ್ ನೇರವಾಗಿ ಯೂಸರ್‌ಸ್ಪೇಸಿಗೆ ಹೋಗುತ್ತಿತ್ತು. ಸ್ವಲ್ಪ ಕಾಲದಲ್ಲೇ ಐಬಿಎಂನ ಆಂಟನಿ ಲಿಗೋರಿ ಹೈಪರ್‌ಕಾಲ್ ವ್ಯವಸ್ಥೆಯನ್ನು ತಿದ್ದಿ ಬರೆದಾಗ ಈ ಹಾದಿ ಮುಚ್ಚಿತು. ಯೂಸರ್‌ಸ್ಪೇಸಿನ ಜೊತೆ ಮಾತಾಡಲು ಅತಿಥಿಗೆ ಪೋರ್ಟ್ ಬರಹ, ಸಾಧನ ನೆನಪಿನ ಬರಹ ಎಂಬ ದಾರಿಗಳು ಆಗಲೇ ಇದ್ದವು. ಹೈಪರ್‌ಕಾಲ್ ಮೂಲಕ ಮಾತಾಡುವ ಕೋಡ್ ಕರ್ನಲ್ ಮರದಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಯಾರೂ ಅಳಲಿಲ್ಲ. ನಿರ್ಗಮನದ ಕಾರಣಗಳ ಪಟ್ಟಿಯಲ್ಲಿ 'ಹೈಪರ್‌ಕಾಲ್' ಎಂಬ ಹೆಸರು ಮಾತ್ರ ಬಳಕೆಯಿಲ್ಲದ ನಮೂದಾಗಿ ವರ್ಷಗಟ್ಟಲೆ ಉಳಿಯಿತು. ಕರ್ನಲ್ ಕೈಪಿಡಿಯೂ ಇಂಥ ಅಗತ್ಯವಿದ್ದವರು ಪೋರ್ಟ್ ಅಥವಾ ಸಾಧನ ನೆನಪಿನ ದಾರಿ ಹಿಡಿಯಿರಿ ಎಂದೇ ಹೇಳುತ್ತಿತ್ತು. ಆ ಸಲಹೆ ಇಂಟೆಲ್, ಎಎಂಡಿಗಳ ಎಕ್ಸ್86 ಪ್ರೊಸೆಸರುಗಳ ಮಟ್ಟಿಗೆ ಸರಿಯಾಗಿಯೇ ಇತ್ತು. ಮುಂದೆ ತೊಡಕಾದದ್ದು ಬೇರೆ ಕಡೆ: ಹೈಪರ್‌ಕಾಲ್‌ಗಳ ಪಟ್ಟಿಯನ್ನು ಕೆವಿಎಂ ಬರೆಯುವ ಮುಂಚೆಯೇ ಬೇರೆಯವರು ಬರೆದಿಟ್ಟಿದ್ದ ಪ್ರೊಸೆಸರುಗಳಲ್ಲಿ.

ಪವರ್ ಮತ್ತು ಗಾಲ್ಫ್ ಲಿಂಕ್ಸ್

ಅಂಥ ಪ್ರೊಸೆಸರುಗಳಲ್ಲೊಂದು ಐಬಿಎಂನ ಪವರ್. ಅದರ ಕೆಲಸ ಬೆಂಗಳೂರನ್ನು ಮುಟ್ಟಿದ ಬಗೆಗೆ ಸ್ವಲ್ಪ ಹಿನ್ನೆಲೆ ಬೇಕು. ಬೆಂಗಳೂರು ಪೂರ್ವದ ಕಂಪ್ಯೂಟರ್ ಉದ್ಯಮ ಕಂಟೋನ್ಮೆಂಟಿನಿಂದ ಹೊರಟು ಹಂತಹಂತವಾಗಿ ಪೂರ್ವಕ್ಕೆ ಸರಿದದ್ದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆಯಿತು. 1992ರಲ್ಲಿ ಟಾಟಾ ಜೊತೆಗೂಡಿ ಭಾರತಕ್ಕೆ ಮರಳಿದ ಐಬಿಎಂ ಹಳೆ ವಿಮಾನ ನಿಲ್ದಾಣ ರಸ್ತೆಯ ಗೋಲ್ಡನ್ ಎನ್‌ಕ್ಲೇವ್‌ನಲ್ಲಿ ನೆಲೆಯೂರಿತು. ಇಂದಿರಾನಗರಕ್ಕೂ ದೊಮ್ಮಲೂರಿಗೂ ತೆಂಕಣ ಮಗ್ಗುಲಲ್ಲಿ, ಗಾಲ್ಫ್ ಮೈದಾನದ ಪಕ್ಕ ಎದ್ದ ಎಂಬೆಸಿ ಗಾಲ್ಫ್ ಲಿಂಕ್ಸ್ ಐಬಿಎಂನ ಆಮೇಲಿನ ದೊಡ್ಡ ನೆಲೆ. ಲಿನಕ್ಸ್ ಕರ್ನಲ್‌ನ ಇತಿಹಾಸದಲ್ಲಿ, ಓಡುವ ಕರ್ನಲನ್ನು ಪರೀಕ್ಷಿಸುವ ಕೆಪ್ರೋಬ್ಸ್‌ನಂಥ ಹಲವು ಕೆಲಸಗಳ ಹಿಂದೆ ಐಬಿಎಂನ ಬೆಂಗಳೂರು ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಹೆಸರುಗಳಿವೆ.

ಐಬಿಎಂನ ಪವರ್ ಯಂತ್ರಗಳಲ್ಲಿ ಹೈಪರ್‌ಕಾಲ್ ಐಚ್ಛಿಕ ಸೌಲಭ್ಯವಲ್ಲ. ಪಾಪರ್ ಎಂಬ ವಾಸ್ತುವಿವರಣೆಯ ಪ್ರಕಾರ ಅತಿಥಿ ತನ್ನ ಹ್ಯಾಶ್ ಬಗೆಯ ಪುಟಕೋಷ್ಟಕವನ್ನು ತಾನೇ ಮುಟ್ಟುವಂತಿಲ್ಲ, ಹೈಪರ್‌ವೈಸರನ್ನು ಕೇಳಿಯೇ ಮಾಡಬೇಕು. ಕನ್ಸೋಲಿಗೆ ಅಕ್ಷರ ಹಾಕುವುದೂ ಹೈಪರ್‌ಕಾಲ್, ಜಾಲದ ಪೊಟ್ಟಣ ಕಳಿಸುವುದೂ ಹೈಪರ್‌ಕಾಲ್. ಕರೆಯ ಸಂಖ್ಯೆಗಳೆಲ್ಲ ನಾಲ್ಕರ ಗುಣಕಗಳು. 2011ರಲ್ಲಿ ಪವರ್‌ನ ಯಂತ್ರಾಂಶ ನೆರವಿನ ಕೆವಿಎಂ ಬಂದಾಗ ಈ ಕರೆಗಳಿಗೆ ಮೂರು ಅಂತಸ್ತು ಏರ್ಪಟ್ಟಿತು. ಪುಟಕೋಷ್ಟಕದ ಕೆಲಸದಂಥ ಅವಸರದವು ವಿಳಾಸ ಪರಿವರ್ತನೆಯೇ ಇಲ್ಲದ ರಿಯಲ್ ಮೋಡಿನಲ್ಲಿ, ಅತಿಥಿಯಿಂದ ಪೂರ್ತಿ ಹೊರಬರುವ ಮುನ್ನವೇ ಮುಗಿಯುತ್ತಿದ್ದವು. ಅಲ್ಲಿ ಆಗದ್ದಕ್ಕೆ ಒಳಗಿನ ಕೋಡ್ 9999 ಎಂಬ ಸಂಖ್ಯೆಯನ್ನು ಮರಳಿಸುತ್ತಿತ್ತು. ಅದರ ಹೆಸರೇ 'ತೀರಾ ಕಷ್ಟ' ಎಂಬರ್ಥದ್ದು, ಅತಿಥಿಗೆ ಅದು ಎಂದೂ ಕಾಣದು. ಆಗ ಕರೆ ಕರ್ನಲ್‌ನ ಸಾಮಾನ್ಯ ಸ್ಥಿತಿಗೆ ಬರುತ್ತಿತ್ತು. ಅಲ್ಲೂ ಗಿರಾಕಿಯಿಲ್ಲದಿದ್ದರೆ ಪಾಪರ್ ಹೈಪರ್‌ಕಾಲ್ ಎಂಬ ನಿರ್ಗಮನದೊಂದಿಗೆ, ಸಂಖ್ಯೆ ಮತ್ತು ಒಂಬತ್ತು ವಿವರಗಳನ್ನು ಹೊತ್ತು ಕ್ಯೂಎಮುವಿಗೆ. ಕನ್ಸೋಲ್ ಅಕ್ಷರಗಳು ಹೋಗುವುದು ಈ ಕೊನೆಯ ಅಂತಸ್ತಿಗೆ. ಒಂದು ಕರೆಗೆ ಹೆಚ್ಚೆಂದರೆ 16 ಬೈಟು. ಕನ್ಸೋಲಿಗೆ ಅಷ್ಟು ಸಾಕು.

ಇದರಲ್ಲಿ ಅತ್ಯಂತ ಚೊಕ್ಕ ಉಪಾಯ ಆರ್‌ಟಾಸ್‌ನದು. ಗಡಿಯಾರ ಓದುವುದು, ಯಂತ್ರ ಆರಿಸುವುದು, ಹೊಸ ಸಿಪಿಯು ಜೋಡಿಸುವುದು ಮುಂತಾದ ಕೆಲಸಗಳಿಗೆ ಪವರ್ ಅತಿಥಿಗಳು ಆರ್‌ಟಾಸ್ ಎಂಬ ಫರ್ಮ್‌ವೇರನ್ನು ಕರೆಯುತ್ತವೆ. ನಿಜವಾದ ಯಂತ್ರದಲ್ಲಿ ಅದು ದೊಡ್ಡ ಕೋಡ್. ಕ್ಯೂಎಮುವಿನ ಅತಿಥಿಗೆ ಕೊಡುವ ಆರ್‌ಟಾಸ್ ಬರೀ 20 ಬೈಟಿನದು: ಬಂದದ್ದನ್ನು ಖಾಸಗಿ ಹೈಪರ್‌ಕಾಲ್ ಒಂದಾಗಿ ತಿರುಗಿಸಿ ಕೈತೊಳೆದುಕೊಳ್ಳುವುದಷ್ಟೇ ಅದರ ಕೆಲಸ. ಫರ್ಮ್‌ವೇರಿನ ಬುದ್ಧಿಯೆಲ್ಲ ಯೂಸರ್‌ಸ್ಪೇಸಿನಲ್ಲಿದೆ. ಐಬಿಎಂನ ಬೆಂಗಳೂರು ಎಂಜಿನಿಯರ್ ಅರವಿಂದ ಪ್ರಸಾದ್ ಈ ದಾರಿಯನ್ನು ನೆನಪಿನ ದೋಷಗಳ ಸುದ್ದಿ ಮುಟ್ಟಿಸುವುದಕ್ಕೆ ಬಳಸಿದರು. ನೆನಪಿನ ಚಿಪ್ಪಿನಲ್ಲಿ ದೋಷ ಕಂಡರೆ ಯಾವ ವಿಳಾಸಕ್ಕೆ ಜಿಗಿಯಬೇಕೆಂಬುದನ್ನು ಅತಿಥಿ ಆರ್‌ಟಾಸ್ ಕರೆಯ ಮೂಲಕ ಮೊದಲೇ ದಾಖಲಿಸುತ್ತದೆ. ದೋಷ ಎದುರಾದಾಗ ಕರ್ನಲ್ ತೀರ್ಮಾನ ಮಾಡದೆ ಯೂಸರ್‌ಸ್ಪೇಸಿಗೆ ಹೊರಬರುತ್ತದೆ. ಕ್ಯೂಎಮು ದೋಷದ ವರದಿ ಬರೆದು ಅತಿಥಿಯನ್ನು ಆ ವಿಳಾಸಕ್ಕೆ ಕಳಿಸುತ್ತದೆ. ಕರ್ನಲ್ ಭಾಗ 2017ರಲ್ಲಿ ಲಿನಕ್ಸ್ 4.13ರಲ್ಲಿ ಸೇರಿತು. ಕ್ಯೂಎಮು ಭಾಗ ಸೇರಲು 2020ರ 5.0 ಆವೃತ್ತಿಯವರೆಗೆ ಕಾಯಬೇಕಾಯಿತು. ಒಂದೇ ಕೆಲಸದ ಎರಡು ಅರ್ಧಗಳು ಎರಡು ಬೇರೆ ಯೋಜನೆಗಳಲ್ಲಿದ್ದರೆ ಹೀಗಾಗುವುದು ಅಪರೂಪವಲ್ಲ.

2014ರಲ್ಲಿ ಐಬಿಎಂನ ಪವರ್‌ಕೆವಿಎಂ ಎಂಬ ಉತ್ಪನ್ನ ಮಾರುಕಟ್ಟೆಗೆ ಬಂತು. ಅದೇ ವರ್ಷ ಲಿನಕ್ಸ್ 3.17 ಒಂದು ಹೊಸ ಕರಾರನ್ನು ಬರೆಯಿತು. ಅಲ್ಲಿಯವರೆಗೆ ಕರ್ನಲ್‌ಗೆ ಹೊಸ ಹೈಪರ್‌ಕಾಲ್ ಕಲಿಸಿದರೆ ಸಾಕು, ಆ ಕರೆ ಅಲ್ಲೇ ತಡೆಯಲ್ಪಡುತ್ತಿತ್ತು. ಅದೇ ಕರೆಯನ್ನು ಮುಂಚಿನಿಂದ ನಿರ್ವಹಿಸುತ್ತಿದ್ದ ಯೂಸರ್‌ಸ್ಪೇಸಿಗೆ ಸುಳಿವೂ ಸಿಗುತ್ತಿರಲಿಲ್ಲ. ಹೊಸ ಸೌಲಭ್ಯದಿಂದ ಒಂದೊಂದು ಕರೆಯನ್ನೂ ಕರ್ನಲ್ ನೋಡಬೇಕೋ ಮೇಲೆ ಕಳಿಸಬೇಕೋ ಎಂದು ಯೂಸರ್‌ಸ್ಪೇಸೇ ಹೇಳುವಂತಾಯಿತು. ಅದು ಬರುವ ಮುಂಚೆ ಕರ್ನಲ್‌ನಲ್ಲಿದ್ದ ಕರೆಗಳು ತಾವಾಗಿ ಚಾಲೂ ಇರುತ್ತವೆ. ಆಮೇಲೆ ಬಂದವು ಕೇಳಿದರೆ ಮಾತ್ರ. ಹಳೆಯ ಪ್ರೋಗ್ರಾಮುಗಳನ್ನು ಮುರಿಯದೆ ಹೊಸದಕ್ಕೆ ಜಾಗ ಮಾಡುವ ಈ ನಿಯಮ, ನನ್ನ ಎಣಿಕೆಯಲ್ಲಿ, ಇಡೀ ವಿಷಯದ ಅತ್ಯುತ್ತಮ ವಿನ್ಯಾಸ. ಬೇರೆ ಪ್ರೊಸೆಸರುಗಳ ಕೆವಿಎಂ ಇದೇ ಜಾಗಕ್ಕೆ ಬಂದು ತಲುಪಲು ಇನ್ನೂ ಹಲವು ವರ್ಷ ಹಿಡಿಯಿತು.

ಮೇಲೆ ಹೋಗಬಾರದ ಕರೆ

ರವಾನೆಯ ಎಲ್ಲೆ ಎಲ್ಲಿದೆ ಎಂದು ತೋರಿಸುವ ಒಂದು ಕರೆಯೂ ಬೆಂಗಳೂರಿನ ಕೈಯಿಂದ ಬಂದದ್ದೇ. ಅತಿಥಿಯ ಒಂದು ಸಿಪಿಯು ಬೀಗವೊಂದನ್ನು ಹಿಡಿದಿರುವಾಗ ಹೈಪರ್‌ವೈಸರ್ ಅದನ್ನು ಮಲಗಿಸಿತು ಎನ್ನೋಣ. ಆ ಬೀಗಕ್ಕಾಗಿ ಕಾದಿರುವ ಉಳಿದ ಸಿಪಿಯುಗಳು ಸುಮ್ಮನೆ ಸುತ್ತುತ್ತ ಯಂತ್ರದ ಸಮಯವನ್ನು ಉರಿಸುತ್ತವೆ. ಸರದಿ ಚೀಟಿಯ ಬೀಗಗಳಲ್ಲಿ ಇನ್ನೂ ಕೆಟ್ಟದ್ದು: ಸರದಿ ಬಂದ ಸಿಪಿಯುವೇ ಮಲಗಿದ್ದರೆ, ಎಚ್ಚರವಿರುವ ಬೇರೆಯವಕ್ಕೂ ಬೀಗ ಸಿಗದು. ಐಬಿಎಂನ ಶ್ರೀವತ್ಸ ವಡ್ಡಗಿರಿ, ಸುಜುಕಿ ಪೌಲೋಸ್, ರಾಘವೇಂದ್ರ ಕೆ.ಟಿ. ಕೆವಿಎಂಗಾಗಿ ರೂಪಿಸಿದ ಪರಿಹಾರದಲ್ಲಿ ಬಹಳ ಹೊತ್ತು ಸುತ್ತಿದ ಸಿಪಿಯು ತಾನಾಗಿ ಹಾಲ್ಟ್ ಆದೇಶ ಕೊಟ್ಟು ಮಲಗುತ್ತದೆ. ಬೀಗ ಬಿಡುವ ಸಿಪಿಯು ಐದನೇ ಸಂಖ್ಯೆಯ ಹೈಪರ್‌ಕಾಲ್ ಮಾಡಿ, ಸರದಿಯಲ್ಲಿ ಮುಂದಿರುವ ಸಿಪಿಯುವಿನ ಗುರುತು ಕೊಟ್ಟು ಅದನ್ನು ಎಬ್ಬಿಸುತ್ತದೆ. ಝೆನ್‌ಗಾಗಿ ಜೆರೆಮಿ ಫಿಟ್ಸ್‌ಹಾರ್ಡಿಂಜ್ ಮಾಡುತ್ತಿದ್ದ ಕೆಲಸದ ಜೊತೆಗೇ ಹೆಣೆದುಕೊಂಡ ಈ ತೇಪೆಗಳು (ಪ್ಯಾಚುಗಳು) ಹಲವು ಸುತ್ತಿನ ಚರ್ಚೆ ದಾಟಿ 2013ರಲ್ಲಿ ಲಿನಕ್ಸ್ 3.12ರಲ್ಲಿ ಸೇರಿದವು. ಸರದಿ ಚೀಟಿಯ ಬೀಗಗಳು 2015ರಲ್ಲಿ ಸಾಲಿನ ಬೀಗಗಳಿಗೆ ಜಾಗ ಬಿಟ್ಟುಕೊಟ್ಟರೂ ಎಬ್ಬಿಸುವ ಕರೆ ಹಾಗೇ ಉಳಿದಿದೆ.

ಈ ಕರೆಯನ್ನು ಯೂಸರ್‌ಸ್ಪೇಸಿಗೆ ಕಳಿಸುವ ಮಾತೇ ಇಲ್ಲ. ಬೀಗ ಬಿಡುವ ಕ್ಷಣದಲ್ಲಿ ಕ್ಯೂಎಮುವಿನವರೆಗೆ ಹೋಗಿಬಂದರೆ ಉಳಿಸಿದ ಸಮಯವೆಲ್ಲ ಅಲ್ಲೇ ಖರ್ಚು. ಎಬ್ಬಿಸಲು ಬೇಕಾದ ತಿಳಿವಳಿಕೆ, ಅಂದರೆ ಯಾವ ಸಿಪಿಯು ಎಲ್ಲಿ ಮಲಗಿದೆ ಎಂಬುದು, ಇರುವುದೂ ಕರ್ನಲ್‌ನಲ್ಲೇ.

ರಿಸ್ಕ್-ಫೈವ್

ರವಾನೆಯನ್ನು ಮೊದಲ ದಿನದಿಂದಲೇ ವಿನ್ಯಾಸದೊಳಗೆ ಇಟ್ಟುಕೊಂಡದ್ದು ರಿಸ್ಕ್-ಫೈವ್ ಕೆವಿಎಂ. ಇದರ ಮುಖ್ಯ ಕರ್ತೃ ಅನೂಪ್ ಪಟೇಲ್ ಬೆಂಗಳೂರಿನಲ್ಲಿ ಕೆಲಸ ಮಾಡಿದವರು. ಎಂಬೆಡೆಡ್ ಯಂತ್ರಗಳಿಗಾಗಿ ಎಕ್ಸ್‌ವೈಸರ್ ಎಂಬ ಸ್ವತಂತ್ರ ಹೈಪರ್‌ವೈಸರನ್ನು ಅವರು ಮೊದಲೇ ಬರೆದಿದ್ದರು. ವೆಸ್ಟರ್ನ್ ಡಿಜಿಟಲ್‌ನಲ್ಲಿದ್ದಾಗ ಅತೀಶ್ ಪಾತ್ರಾ ಜೊತೆ ಓಪನ್‌ಎಸ್‌ಬಿಐ ಫರ್ಮ್‌ವೇರನ್ನು ಕಟ್ಟಿದರು. 2019ರಲ್ಲಿ ಅದು ಹೊರಬಂತು. ಅದೇ ವರ್ಷ ಕೆವಿಎಂ ತೇಪೆಗಳ ಮೊದಲ ಕಂತೂ ಬಂತು. ಕರ್ನಲ್‌ಗೆ ಅದು ಸೇರುವುದು ತಡವಾದದ್ದಕ್ಕೆ ಕೋಡ್ ಕಾರಣವಲ್ಲ. ಸ್ಥಿರೀಕರಣವಾಗದ ಯಂತ್ರಾಂಶ ವಿಸ್ತರಣೆಗೆ ಕೋಡ್ ತೆಗೆದುಕೊಳ್ಳುವುದಿಲ್ಲ ಎಂಬ ನಿಯಮ ರಿಸ್ಕ್-ಫೈವ್ ಮರದಲ್ಲಿತ್ತು, ಹೈಪರ್‌ವೈಸರ್ ವಿಸ್ತರಣೆ ಸ್ಥಿರವಾದದ್ದು 2021ರ ಕೊನೆಗೆ. ಕೆವಿಎಂ ಲಿನಕ್ಸ್ 5.16ರೊಂದಿಗೆ 2022ರ ಜನವರಿಯಲ್ಲಿ ಬಿಡುಗಡೆಯಾಯಿತು.

ರಿಸ್ಕ್-ಫೈವ್‌ನಲ್ಲಿ ಕಾರ್ಯಾಚರಣ ವ್ಯವಸ್ಥೆ ತನ್ನ ಕೆಳಗಿನ ಫರ್ಮ್‌ವೇರನ್ನು ಇಕಾಲ್ ಆದೇಶದಿಂದ ಕರೆಯುತ್ತದೆ. ಆ ಕರೆಗಳ ಒಪ್ಪಂದವೇ ಎಸ್‌ಬಿಐ. ಎ7 ರಿಜಿಸ್ಟರಿನಲ್ಲಿ ವಿಸ್ತರಣೆಯ ಸಂಖ್ಯೆ, ಎ6ರಲ್ಲಿ ಅದರೊಳಗಿನ ಕಾರ್ಯದ ಸಂಖ್ಯೆ, ಉತ್ತರ ಎ0 ಮತ್ತು ಎ1ರಲ್ಲಿ. ಅತಿಥಿಯಾಗಿ ಓಡುವ ಲಿನಕ್ಸ್ ಕೂಡ ಇದೇ ಕರೆಗಳನ್ನು ಮಾಡುತ್ತದೆ, ಕೆಳಗಿರುವುದು ಫರ್ಮ್‌ವೇರೋ ಹೈಪರ್‌ವೈಸರೋ ಎಂಬ ಚಿಂತೆ ಅದಕ್ಕಿಲ್ಲ. ಸಮಯದ ಗಂಟೆ, ಸಿಪಿಯುಗಳ ನಡುವಿನ ಸಂದೇಶ, ವಿಳಾಸ ಪರಿವರ್ತನೆಗಳ ಸಂಗ್ರಹವಾದ ಟಿಎಲ್‌ಬಿ ಅಳಿಸುವ ಕೋರಿಕೆ ಮುಂತಾದವನ್ನು ಕೆವಿಎಂ ತಾನೇ ನೋಡಿಕೊಳ್ಳುತ್ತದೆ. ಮೊದಲ ಎಸ್‌ಬಿಐ ಆವೃತ್ತಿಯ ಅಕ್ಷರ ಬರೆಯುವ ಮತ್ತು ಓದುವ ಎರಡು ಕರೆಗಳನ್ನು ಮಾತ್ರ ಕರ್ನಲ್‌ನಲ್ಲಿ ಮುಗಿಸಲಾಗದೆಂದು ಆರಂಭದಲ್ಲೇ ಯೂಸರ್‌ಸ್ಪೇಸಿಗೆ ಬಿಟ್ಟರು. ಪ್ರಯೋಗದ ವಿಸ್ತರಣೆಗಳು, ತಯಾರಕರ ಖಾಸಗಿ ವಿಸ್ತರಣೆಗಳು ಕೂಡ ಮೇಲೆಯೇ ಹೋಗುತ್ತವೆ. ಅವು ಏನೆಂದು ಕರ್ನಲ್ ತಿಳಿಯಬೇಕಾದ ಅಗತ್ಯವೇ ಇಲ್ಲ.

ರವಾನೆಯ ಕೋಡ್ ಓದಲು ಹಿತವಾಗಿದೆ. ಹಂಚಿಕೆಯ ಪುಟದಲ್ಲಿ ವಿಸ್ತರಣೆ, ಕಾರ್ಯ, ಆರು ವಿವರಗಳು, ಎರಡು ಉತ್ತರಗಳು. ಹೊರಗೆ ಹೋಗುವ ಮುನ್ನವೇ ಕರ್ನಲ್ ಉತ್ತರದ ಜಾಗದಲ್ಲಿ 'ಬೆಂಬಲವಿಲ್ಲ' ಎಂಬ ದೋಷಸಂಖ್ಯೆಯನ್ನು ಬರೆದಿಡುತ್ತದೆ. ಯೂಸರ್‌ಸ್ಪೇಸ್ ಕರೆಯನ್ನು ನೋಡಿ ಏನೂ ಮಾಡದೆ ಅತಿಥಿಯನ್ನು ಮತ್ತೆ ಓಡಿಸಿದರೂ ಅತಿಥಿಗೆ ಸಿಗುವುದು ಕಸದ ಉತ್ತರವಲ್ಲ, ಪ್ರಾಮಾಣಿಕ ನಿರಾಕರಣೆ.

ಎರಡನೇ ಎಸ್‌ಬಿಐ ಆವೃತ್ತಿ ಹಳೆಯ ಅಕ್ಷರ ಕರೆಗಳ ಬದಲು ಡಿಬಿಸಿಎನ್ ಎಂಬ ಡೀಬಗ್ ಕನ್ಸೋಲ್ ವಿಸ್ತರಣೆಯನ್ನು ತಂದಿತು. ಒಂದೊಂದೇ ಅಕ್ಷರದ ಬದಲು ನೆನಪಿನ ತುಣುಕೊಂದರ ವಿಳಾಸ ಮತ್ತು ಉದ್ದವನ್ನು ಕೊಟ್ಟರೆ ಸಾಕು. ಅನೂಪ್ ಪಟೇಲ್ ಇದರ ಕರೆಗಳನ್ನೂ ಯೂಸರ್‌ಸ್ಪೇಸಿಗೆ ರವಾನಿಸಿದರು. 2024ರ ಜನವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 6.7ರಲ್ಲಿ ಅದಿದೆ. ಉದ್ದೇಶ ಸೀಮಿತ: ಅತಿಥಿಯ ಕರ್ನಲ್ ಏಳುವ ಮೊದಲ ಗಳಿಗೆಗಳಲ್ಲಿ, ನಿಜವಾದ ಕನ್ಸೋಲ್ ಸಾಧನ ಸಿದ್ಧವಾಗುವ ಮುಂಚೆ, ಎರಡು ಸಾಲು ಮುದ್ರಿಸಲು ಒಂದು ದಾರಿ. ಆದರೆ ಇದರ ಜೊತೆಗೆ ಬಂದ ಇನ್ನೊಂದು ತೇಪೆಗೆ ಹೆಚ್ಚು ತೂಕ. ಅಲ್ಲಿಯವರೆಗೆ ಎಸ್‌ಬಿಐ ವಿಸ್ತರಣೆಗಳೆಲ್ಲ ತಾವಾಗಿ ಚಾಲೂ ಇದ್ದು, ಬೇಡವಾದರೆ ಯೂಸರ್‌ಸ್ಪೇಸ್ ಆರಿಸಬಹುದಿತ್ತು. ಡಿಬಿಸಿಎನ್ ಹಾಗೆ ಚಾಲೂ ಆಗಿದ್ದರೆ, ಅದರ ಅರಿವಿಲ್ಲದ ಹಳೆಯ ಯೂಸರ್‌ಸ್ಪೇಸಿನ ಮೇಲೆ ಓಡುವ ಅತಿಥಿಗೆ ವಿಸ್ತರಣೆ ಇದೆ ಎಂಬ ಉತ್ತರ ಸಿಕ್ಕು, ಆಮೇಲಿನ ಕರೆಗಳನ್ನು ಕೇಳುವವರು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಕೆಲವು ವಿಸ್ತರಣೆಗಳು ಹುಟ್ಟಿನಿಂದಲೇ ಆರಿರಬಹುದು, ಯೂಸರ್‌ಸ್ಪೇಸ್ ಬೇಕೆಂದರೆ ಮಾತ್ರ ಹೊತ್ತಿಸಬೇಕು ಎಂಬ ಏರ್ಪಾಡು ಬಂತು. ಪವರ್ ಕೆವಿಎಂ 2014ರಲ್ಲಿ ಕಲಿತ ಪಾಠದ ಕನ್ನಡಿ ಬಿಂಬ ಇದು. ಅಲ್ಲಿ ಹೊಸ ಕರೆ ಕರ್ನಲ್‌ನಲ್ಲಿ ಸಿಕ್ಕಿಬೀಳುವ ಭಯ, ಇಲ್ಲಿ ಮೇಲೆ ಹೋಗಿ ಕಳೆದುಹೋಗುವ ಭಯ. ಎರಡಕ್ಕೂ ಮದ್ದು ಯೂಸರ್‌ಸ್ಪೇಸಿನ ಸ್ಪಷ್ಟ ಒಪ್ಪಿಗೆ.

ಕದ್ದ ಸಮಯದ ಲೆಕ್ಕ ಕೊಡುವ ಎಸ್‌ಟಿಎ ವಿಸ್ತರಣೆ ಮಾತ್ರ ಕರ್ನಲ್‌ನಲ್ಲೇ ಉಳಿದಿದೆ. ಸಿಪಿಯು ಎಷ್ಟು ಹೊತ್ತು ಕಾಯಿತೆಂದು ಗೊತ್ತಿರುವುದು ಅಲ್ಲಿನ ಷೆಡ್ಯೂಲರಿಗೆ. 2025ರಲ್ಲಿ ಎಂಪಿಎಕ್ಸ್‌ವೈ ಎಂಬ ಸಂದೇಶ ವಿಸ್ತರಣೆಯನ್ನೂ ಯೂಸರ್‌ಸ್ಪೇಸಿಗೆ ರವಾನಿಸುವ ತೇಪೆಗಳು ಬಂದವು. ಯಂತ್ರದ ವಿದ್ಯುತ್ತು, ಗಡಿಯಾರ ಮುಂತಾದವನ್ನು ನೋಡಿಕೊಳ್ಳುವ ನಿಯಂತ್ರಕದ ವೇಷವನ್ನು ಅತಿಥಿಗಾಗಿ ಕ್ಯೂಎಮು ಹಾಕಲಿ ಎಂಬುದು ಅದರ ಗುರಿ. ಒಂದೇ ಬಗೆಯ ಕೆಲಸ ಪದೇಪದೇ ಬಂದದ್ದರಿಂದ, ರವಾನೆಯಾಗುವ ವಿಸ್ತರಣೆಗಳಿಗೆಲ್ಲ ಸೇರಿ ಪ್ರತ್ಯೇಕ ಕಡತವೊಂದನ್ನೂ ಆ ತೇಪೆಗಳಲ್ಲಿ ಮಾಡಿದರು.

ಆರ್ಮ್, ಝೆನ್, ಹೈಪರ್-ವಿ

ಆರ್ಮ್ 64ರ ಕೆವಿಎಂ ರವಾನೆಗೆ ಬಂದದ್ದು ತಡವಾಗಿ, ಬಂದಾಗ ಮಾತ್ರ ಸಮಗ್ರವಾಗಿ. 2023ರ ಲಿನಕ್ಸ್ 6.4ರಲ್ಲಿ ಆಲಿವರ್ ಅಪ್ಟನ್ ಬರೆದ ಸೋಸುಯಂತ್ರ, ಕರೆಸಂಖ್ಯೆಗಳ ಶ್ರೇಣಿಗಳಿಗೆ ಮೂರರಲ್ಲಿ ಒಂದು ಗತಿ ಕಾಣಿಸಲು ಯೂಸರ್‌ಸ್ಪೇಸಿಗೆ ಬಿಡುತ್ತದೆ: ಕರ್ನಲ್ ನೋಡಲಿ, ನಿರಾಕರಿಸಲಿ, ಅಥವಾ ಮೇಲೆ ಕಳಿಸಲಿ. ಒಂದೊಂದೇ ಕರೆಗೆ ಬಾಗಿಲು ಕೊರೆಯುವ ಗೋಜು ಇಲ್ಲಿಲ್ಲ.

ಬೇರೆ ಹೈಪರ್‌ವೈಸರಿನ ಸೋಗು ಹಾಕುವುದಕ್ಕೂ ರವಾನೆ ಬೇಕಾಗುತ್ತದೆ. 2021ರ ಲಿನಕ್ಸ್ 5.12ರಿಂದ, ಝೆನ್‌ಗಾಗಿ ಕಟ್ಟಿದ ಅತಿಥಿಯ ಹೈಪರ್‌ಕಾಲ್‌ಗಳನ್ನು ಕೆವಿಎಂ ತಡೆದು ಯೂಸರ್‌ಸ್ಪೇಸಿಗೆ ಒಪ್ಪಿಸಬಲ್ಲದು. ಝೆನ್ ಮೇಲೆ ವರ್ಷಗಟ್ಟಲೆ ಓಡಿದ ಯಂತ್ರಗಳನ್ನು ಬದಲಿಸದೆ ಕೆವಿಎಂ ಮೇಲೆ ತರಲು ಇದು ದಾರಿ. ವಿಂಡೋಸ್ ಅತಿಥಿಗಳ ಹೈಪರ್-ವಿ ಕರೆಗಳಲ್ಲಿ ಸಂದೇಶ ಕಳಿಸುವಂಥವು ಮೇಲೆ ಹೋಗುತ್ತವೆ; ಬರೀ ಸಂಕೇತ ಕೊಡುವ ಕರೆಗಳಿಗೆ ಯೂಸರ್‌ಸ್ಪೇಸ್ ಮೊದಲೇ ಸೂಚನೆಯ ಗಂಟೆಯಂಥ ಒಂದು ಈವೆಂಟ್‌ಎಫ್‌ಡಿ ಕಟ್ಟಿಟ್ಟರೆ ಕರ್ನಲ್ ಅದನ್ನು ತಟ್ಟಿ ಅತಿಥಿಯನ್ನು ಕೂಡಲೇ ಮುಂದೆ ಓಡಿಸುತ್ತದೆ.

ಗೋಪ್ಯ ಯಂತ್ರಗಳು

ಎಕ್ಸ್86ರಲ್ಲಿ ಕೆವಿಎಂನ ಸ್ವಂತ ಹೈಪರ್‌ಕಾಲ್‌ಗಳಿಗೆ ರವಾನೆ ಮರಳಿ ಬಂದದ್ದು 2021ರಲ್ಲಿ, ಎಎಂಡಿಯ ಗೂಢಲಿಪೀಕೃತ ಅತಿಥಿಗಳ ದೆಸೆಯಿಂದ. ಇಂಥ ಅತಿಥಿಯ ನೆನಪು ಹೈಪರ್‌ವೈಸರಿಗೂ ಓದಲಾಗದಂತೆ ಬೀಗ ಹಾಕಿರುತ್ತದೆ. ಹೊರಗಿನ ಸಾಧನಗಳೊಂದಿಗೆ ಹಂಚಿಕೊಳ್ಳುವ ಪುಟಗಳು ಮಾತ್ರ ಬಯಲು. ಯಾವ ಪುಟ ಯಾವ ಬಗೆಯದು ಎಂದು ಅತಿಥಿಯೇ ಹೇಳಬೇಕು. ಹನ್ನೆರಡನೇ ಸಂಖ್ಯೆಯ ಹೈಪರ್‌ಕಾಲ್ ಅದಕ್ಕಾಗಿ: ಆರಂಭದ ವಿಳಾಸ, ನಾಲ್ಕು ಕಿಲೋಬೈಟಿನ ಪುಟಗಳ ಎಣಿಕೆ, ಹೊಸ ಗುಣ. ಇದು ಯೂಸರ್‌ಸ್ಪೇಸಿಗೆ ಹೋಗುತ್ತದೆ, ಪುಟದ ಹಿಂದಿನ ಆಧಾರವನ್ನು ಬದಲಿಸುವ ಅಧಿಕಾರ ಇರುವುದು ಅಲ್ಲಿ. ಯೂಸರ್‌ಸ್ಪೇಸ್ ಮುಂಚಿತವಾಗಿ ಈ ಕರೆ ತನಗೆ ಬೇಕೆಂದು ಹೇಳಿರದಿದ್ದರೆ ಅತಿಥಿಗೆ ಸಿಗುವುದು ಬೆಂಬಲವಿಲ್ಲ ಎಂಬ ಉತ್ತರ. ಒಂದು ಕಾಲಕ್ಕೆ ಬಳಕೆಯಿಲ್ಲವೆಂದು ಬದಿಗಿಟ್ಟಿದ್ದ ನಿರ್ಗಮನದ ಹೆಸರಿಗೆ ಹೀಗೆ ಮತ್ತೆ ಕೆಲಸ ಸಿಕ್ಕಿತು.

2024ರ ಲಿನಕ್ಸ್ 6.11ರಲ್ಲಿ ಎಎಂಡಿಯ ಎಸ್‌ಎನ್‌ಪಿ ಎಂಬ ಗೋಪ್ಯ ಅತಿಥಿಗಳಿಗೆ ಬೆಂಬಲ ಬಂದಾಗ, ಪುಟದ ಸ್ಥಿತಿ ಬದಲಿಸುವ ಅವುಗಳ ಕೋರಿಕೆಗಳನ್ನು ಕೆವಿಎಂ ಇದೇ ಹನ್ನೆರಡನೇ ಕರೆಯ ರೂಪಕ್ಕೆ ತಿರುಗಿಸಿ ಮೇಲೆ ಕಳಿಸಿತು. 2025ರ 6.16ರಲ್ಲಿ ಇಂಟೆಲ್‌ನ ಗೋಪ್ಯ ಯಂತ್ರ ವ್ಯವಸ್ಥೆಯಾದ ಟಿಡಿಎಕ್ಸ್ ಕೂಡ ಅದೇ ಹಾದಿ ಹಿಡಿಯಿತು. ಎರಡು ಕಂಪನಿಗಳ ಎರಡು ಬೇರೆ ಯಂತ್ರಾಂಶಗಳಿಗೆ ಯೂಸರ್‌ಸ್ಪೇಸಿನಲ್ಲಿ ಒಂದೇ ಕೋಡ್ ಸಾಕಾಯಿತು. ಗೋಪ್ಯ ಅತಿಥಿಗಳ ಲೋಕದಲ್ಲಿ ಅಪನಂಬಿಕೆಯ ದಿಕ್ಕು ಬದಲಾಗಿದೆ: ಮೊದಲು ಹೈಪರ್‌ವೈಸರ್ ಅತಿಥಿಯ ವಿವರಗಳನ್ನು ಅನುಮಾನಿಸುತ್ತಿತ್ತು, ಈಗ ಅತಿಥಿಯೂ ಬಂದ ಉತ್ತರವನ್ನು ಅನುಮಾನಿಸಬೇಕು. ರಿಜಿಸ್ಟರುಗಳೂ ಬೀಗದೊಳಗಿರುವುದರಿಂದ ಎಎಂಡಿಯ ಹೊಸ ಅತಿಥಿಗಳು ಕರೆಯ ವಿವರಗಳನ್ನು ತಾವೇ ಆರಿಸಿ ಒಂದು ಬಯಲು ಪುಟದಲ್ಲಿ ಬರೆದಿಡುತ್ತವೆ. ಹೈಪರ್‌ವೈಸರಿಗೆ ಕಾಣುವುದು ಅಷ್ಟೇ.

ಅರ್ಧದಲ್ಲಿ ನಿಂತ ಕರೆ

ಓಡುತ್ತಿರುವ ಅತಿಥಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸ್ಥಳಾಂತರಿಸುವಾಗ ರವಾನೆಯ ಸೂಕ್ಷ್ಮ ತೊಡಕೊಂದು ಎದುರಾಗುತ್ತದೆ. ಯೂಸರ್‌ಸ್ಪೇಸ್ ಕರೆಯನ್ನು ಪೂರೈಸಿ ಉತ್ತರವನ್ನು ಪುಟದಲ್ಲಿಟ್ಟರೂ, ಅದು ಅತಿಥಿಯ ರಿಜಿಸ್ಟರಿಗೆ ಸೇರುವುದು ಮತ್ತೊಮ್ಮೆ ಕರ್ನಲ್‌ಗೆ ಹೋದಾಗ ಮಾತ್ರ. ಈ ನಡುವೆ ರಿಜಿಸ್ಟರುಗಳನ್ನು ಉಳಿಸಿ ಬೇರೆ ಯಂತ್ರಕ್ಕೆ ಒಯ್ದರೆ, ಅಲ್ಲಿ ಎದ್ದ ಅತಿಥಿ ಉತ್ತರ ಕಾಣದೆ ಅದೇ ಕರೆಯನ್ನು ಇನ್ನೊಮ್ಮೆ ಮಾಡಬಹುದು. ಕನ್ಸೋಲಿನಲ್ಲಿ ಅಕ್ಷರವೊಂದು ಎರಡು ಸಲ ಬಿದ್ದರೆ ಅಷ್ಟೇ, ಪುಟದ ಗುಣ ಬದಲಿಸುವ ಕರೆಯಾದರೆ ಗಂಡಾಂತರ. ಹಾಗಾಗಿ ಪೋರ್ಟ್, ಸಾಧನ ನೆನಪು, ಪಾಪರ್, ಝೆನ್, ಹೈಪರ್‌ಕಾಲ್ ಈ ಬಗೆಯ ನಿರ್ಗಮನಗಳ ನಂತರ ಯೂಸರ್‌ಸ್ಪೇಸ್ ಸ್ಥಿತಿಯನ್ನು ಉಳಿಸುವ ಮುನ್ನ ಒಮ್ಮೆ 'ಕೆವಿಎಂ ರನ್' ಕರೆಯಲೇಬೇಕೆಂದು ಕೈಪಿಡಿ ವಿಧಿಸುತ್ತದೆ. ಕರ್ನಲ್ ಮೊದಲು ಬಾಕಿ ಕೆಲಸ ಮುಗಿಸಿ, ಆಮೇಲಷ್ಟೇ ಸಿಗ್ನಲ್‌ಗಳತ್ತ ನೋಡುತ್ತದೆ. ಅತಿಥಿ ಒಂದು ಆದೇಶವನ್ನೂ ಮುಂದೆ ಓಡಿಸದೆ ಮರಳಲು 2017ರಿಂದ ಹಂಚಿಕೆಯ ಪುಟದಲ್ಲಿ 'ಕೂಡಲೇ ನಿರ್ಗಮನ' ಎಂಬ ಒಂದು ಬೈಟು ಇದೆ. ಅದನ್ನು ಹೊಂದಿಸಿ ಕರೆದರೆ ಬಾಕಿ ಉತ್ತರ ರಿಜಿಸ್ಟರಿಗೆ ಸೇರಿ, ಅತಿಥಿ ಇದ್ದಲ್ಲೇ ನಿಲ್ಲುತ್ತದೆ.